ಎಡಗೈ ಗಂಟು

ಹೆಣ ಕೊಯ್ದು ವಿದ್ಯೆ ಕಲಿತವನಿಗೆ ದೆವ್ವದ ಭಯವೇ? ಯಾರಾದರೂ ಅಂಥ ಮಾತು ತೆಗೆದರೆ ನಾನು ಮುಖದ ಮೇಲೇ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಅಂತಲೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ನಲವತ್ತರ ದಶಕದ ಮೊದಲಲ್ಲಿ ಕೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನಾನು ಕಿರಿಯ ಸರ್ಜನ್. ಆ ವರ್ಷ ಕಲಿಯಬೇಕಾದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟಿದ್ದೆ. ಮೊದಲನೆಯದು, ಎಡಗೈಯಿಂದ ಗಂಟು ಹಾಕುವುದು. ಇಕ್ಕಟ್ಟಾದ ಗಾಯದೊಳಗೆ ಬಲಗೈಗೆ ಬೇರೆ ಕೆಲಸವಿರುತ್ತದೆ. ಕೊನೆಯದು, ದೀಪಾವಳಿಯೊಳಗೆ ಒಂದು ಹರ್ನಿಯಾ ಆಪರೇಷನ್ನನ್ನು ಒಬ್ಬನೇ ಮಾಡುವುದು. ಒಂದೊಂದು ಕಲಿತ ಹಾಗೆ ನಮ್ಮ ಹಿರಿಯ ಸರ್ಜನ್ನರು ಅದರ ಮುಂದೆ ಸಹಿ ಹಾಕಬೇಕು. ವಹಿ ತೆರೆದಾಗೆಲ್ಲ ಅವರದು ಒಂದೇ ಮಾತು: “ಘಾಈ ಕರೂ ನಕಾ.” ಅವಸರ ಬೇಡ ಅಂತ. ನನಗೋ ಅವಸರವೇ ಅವಸರ.

ಹರ್ನಿಯಾ ಆಗಿ ಬಂದವನು ಇಚಲಕರಂಜಿಯ ನೇಕಾರ ಮಲ್ಲಪ್ಪ. ಅವನ ಮಂಚದ ಸರಳಿಗೆ ದಾರ ಕಟ್ಟಿ ನಾನು ಗಂಟು ಹಾಕುವುದನ್ನು ಮಲಗಿದಲ್ಲೇ ನೋಡುತ್ತಿದ್ದ. ಮಗ್ಗದಲ್ಲಿ ಹರಿದ ಎಳೆ ಜೋಡಿಸಿ ಜೋಡಿಸಿ ಅವನ ಎಡಗೈ ಪಳಗಿತ್ತು. ಎರಡೇ ಬೆರಳಲ್ಲಿ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಿದ್ದ.

“ಹಂಗಲ್ರಿ ಸಾಹೇಬ್ರ, ನೀವು ಜಗ್ಗಾಕತ್ತೀರಿ. ಎಳಿ ತಾನ ಕುಂದರಬೇಕ್ರಿ.”

ಹತ್ತು ಹಾಕಿದರೆ ನನ್ನವು ಏಳು ಜಾರುತ್ತಿದ್ದವು.

“ಇನ್ನಾ ಬಂದಿಲ್ರಿ. ಇದು ಬಂದ ಮ್ಯಾಲ ನನ್ನ ಕೊಯ್ರಿ,” ಅಂದ. ವಾರ್ಡಿಗೆ ವಾರ್ಡೇ ನಕ್ಕಿತು, ನಾನೂ ನಕ್ಕೆ.

ದೀಪಾವಳಿಗೆ ನಾಲ್ಕೇ ದಿನ ಉಳಿದಿತ್ತು. ಹಿರಿಯರು ಪರವೂರಿಗೆ ಹೋಗಿದ್ದರು. ಅವರು ಬರುವ ತನಕ ಎರಡು ದಿನ ಕಾಯಬಹುದಿತ್ತು, ಕಾಯಲಿಲ್ಲ. ನಾನೇ ಕೊಯ್ದೆ. ಒಳಗೆ ರಕ್ತನಾಳಕ್ಕೆ ಎಡಗೈಯಿಂದ ಹಾಕಿದ ಗಂಟು ಆಮೇಲೆ ಜಾರಿತು. ಮತ್ತೆ ತೆರೆದರೂ ಉಪಯೋಗವಾಗಲಿಲ್ಲ. ಸಂಜೆಗೆ ಮಲ್ಲಪ್ಪ ಹೋದ. ಅವನ ಹೆಂಡತಿ ನನಗೇ ಕೈಮುಗಿದು, “ನಿಮ್ಮ ಕೈಲಾದಷ್ಟು ಮಾಡೀರಿ ಸಾಹೇಬ್ರ,” ಅಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಿರಿಯರೂ ಬೈಯಲಿಲ್ಲ. ಗಡಹಿಂಗ್ಲಜದ ಸಣ್ಣ ದವಾಖಾನೆಗೆ ಕಳಿಸಿದರು. ಅಲ್ಲಿ ಕೆಮ್ಮು ಜ್ವರಕ್ಕೆ ಔಷಧ ಕೊಡುವುದಷ್ಟೇ ಕೆಲಸ. ಆದರೂ ಚಟ ಹೋಗಲಿಲ್ಲ. ಒಂದು ಬೆಳಿಗ್ಗೆ ಕೋಣೆಯಲ್ಲಿ ಕುರ್ಚಿಯ ಕೈಗೆ ದಾರ ಸುತ್ತಿ ಎಡಗೈಯಿಂದ ಹತ್ತು ಗಂಟು ಹಾಕಿದೆ. ಎಂದಿನಂತೆ ಏಳು ಜಾರಿದವು. ಹಾಗೇ ಬಿಟ್ಟು, ಕೀಲಿ ಹಾಕಿಕೊಂಡು ಹೋದೆ. ಮಧ್ಯಾಹ್ನ ಊಟಕ್ಕೆ ಬಂದು ನೋಡಿದರೆ ಹತ್ತೂ ಬಿಗಿಯಾಗಿ ಕೂತಿದ್ದವು. ತುದಿಗಳನ್ನು ಕತ್ತರಿಯಿಂದ ಕತ್ತರಿಸಿರಲಿಲ್ಲ. ಕಚ್ಚಿ ತೆಗೆದ ಹಾಗಿದ್ದವು, ಮುಟ್ಟಿದರೆ ಒದ್ದೆ.

ಕೋಣೆಗೆ ಒಂದೇ ಬಾಗಿಲು, ಕೀಲಿಕೈ ನನ್ನ ಜೇಬಿನಲ್ಲಿ. ಆ ಊರಲ್ಲಿ ಮಲ್ಲಪ್ಪನ ಹೆಸರು ಯಾರಿಗೂ ಗೊತ್ತಿಲ್ಲ. ನಾನೇ ಹಾಕಿ ಮರೆತೆನೇ ಎಂದರೆ, ನನಗೆ ಆ ಗಂಟು ಬರುತ್ತಲೇ ಇರಲಿಲ್ಲ.

ಅಂಜಿಸಲು ಬಂದಿದ್ದನೋ, ಕಲಿಸಲು ಬಂದಿದ್ದನೋ, ಇಷ್ಟು ವರ್ಷವಾದರೂ ತಿಳಿದಿಲ್ಲ. ಕೂತು ಒಂದೊಂದನ್ನೇ ಬಿಚ್ಚಿ ನೋಡಿದ್ದರೆ ಕಲಿಯುತ್ತಿದ್ದೆನೇನೋ. ಬಿಚ್ಚಲಿಲ್ಲ. ಹತ್ತನ್ನೂ ಕತ್ತರಿಸಿ ಒಲೆಗೆ ಹಾಕಿದೆ. ಆಮೇಲೆ ನಾನು ಯಾರನ್ನೂ ಕೊಯ್ಯಲಿಲ್ಲ. ವಹಿ ಇನ್ನೂ ನನ್ನ ಹತ್ತಿರವೇ ಇದೆ. ಮೊದಲನೆಯ ಸಾಲಿನ ಮುಂದೆ ಸಹಿ ಇಲ್ಲ.