ನರ್ಸ್‌ಬಾಯಿಯ ಸೈಕಲ್ಲಿನ ಫೋರ್ಕು

ಬೆಟಗೇರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ತಂದೆಯ ಕಾಲಕ್ಕೆ ಕುಣಿಮಗ್ಗವಿತ್ತು. ಮಗ್ಗ ಹೋದ ಮೇಲೆ ಕುಣಿಗೆ ಮಣ್ಣು ತುಂಬಿ ನೆಲ ಮಾಡಿದೆವು. ಗದಗಿನ ಮುದ್ರಣಾಲಯವೊಂದರಲ್ಲಿ ಯಂತ್ರಗಳನ್ನು ನೋಡಿಕೊಂಡಿದ್ದ ನಾನು ನಿವೃತ್ತನಾದಾಗ ಅದೇ ಕೋಣೆಯಲ್ಲಿ ದಪ್ಪನೆಯ ಸಾಗವಾನಿ ಹಲಗೆ ಹಾಕಿ, ಅದಕ್ಕೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್ ಒಂದನ್ನು ಬಿಗಿದು, ಹಳೆಯ ಸೈಕಲ್ಲುಗಳನ್ನು ಬಿಚ್ಚಿ ಜೋಡಿಸಲು ಕುಳಿತೆ. ಅದು ಅಂಗಡಿಯಲ್ಲ. ಬೇಕಾದಾಗ ಬಾಗಿಲು ತೆರೆಯುತ್ತೇನೆ, ಬೇಸರವಾದರೆ ಮುಚ್ಚುತ್ತೇನೆ.

ಹಳೆಯ ಸೈಕಲ್ಲು ಅಂದ ಮೇಲೆ ಎಂದಾದರೊಂದು ದಿನ ಎಲ್ಲಾದರೂ ಗುದ್ದಿಯೇ ಇರುತ್ತದೆ. ಗುದ್ದಿದ ಗುರುತು ಮೊದಲು ಕಾಣುವುದು ಫೋರ್ಕಿನಲ್ಲಿ, ಅಂದರೆ ಮುಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದಿರುವ ಕಾಲುಗಳಲ್ಲಿ. ಗೋಡೆಗೆ ನೇರವಾಗಿ ಹೊಡೆದರೆ ಎರಡೂ ಕಾಲು ಹಿಂದಕ್ಕೆ ಹೋಗುತ್ತವೆ. ಎತ್ತಿನ ಬಂಡಿಗೋ ಕಟ್ಟೆಯ ಮೂಲೆಗೋ ತಗುಲಿದ್ದರೆ ಒಂದೇ ಕಾಲು ಸೊಟ್ಟಗಾಗುತ್ತದೆ. ಶಿರಹಟ್ಟಿಯಿಂದ ಒಬ್ಬರು ತಂದಿದ್ದ ಸೈಕಲ್ಲಿನ ಫೋರ್ಕು ಎಷ್ಟೋ ವರ್ಷಗಳಿಂದ ಸೊಟ್ಟಗೇ ಇತ್ತು. ಅವರು ಹ್ಯಾಂಡಲನ್ನು ಸ್ವಲ್ಪ ಬಲಕ್ಕೆ ತಿರುವಿ ಹಿಡಿದು ನೇರ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ನಾನು ಅದನ್ನು ಸರಿಮಾಡಿ ಕೊಟ್ಟ ದಿನ ಅವರು ಹಳೆಯ ರೂಢಿಯಂತೆ ಬಲಕ್ಕೆ ತಿರುವಿ ಚರಂಡಿಗೆ ಬಿದ್ದರು.

ಲಕ್ಷ್ಮೇಶ್ವರದಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದಾರೆ, ಅಲ್ಲೊಂದು ಲೇಡೀಸ್ ಸೈಕಲ್ಲಿದೆ ಎಂದು ಪರಿಚಯದವರು ಹೇಳಿದಾಗ ಹೋಗಿ ನೋಡಿದೆ. ಸುತ್ತಲಿನ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದ ನರ್ಸ್‌ಬಾಯಿಯೊಬ್ಬರದು. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಸೀಟಿನ ಚರ್ಮ ಒಣಗಿ ಹಪ್ಪಳದಂತಾಗಿತ್ತು, ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು. ಆದರೆ ಫೋರ್ಕು ಬಾಣದಂತೆ ನೇರವಾಗಿತ್ತು. ಆ ಬಾಯಿ ಎಲ್ಲೂ ಗುದ್ದಿರಲಿಲ್ಲ. ಟಂಟಂ ಗಾಡಿಯಲ್ಲಿ ಹಾಕಿಸಿಕೊಂಡು ಮನೆಗೆ ತಂದೆ.

ಅದು ತಯಾರಾಗಿ ನಿಂತ ದಿನ ನನ್ನ ಹೆಂಡತಿ ಕೋಣೆಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದಳು. ಅವಳು ಮನೆಯಲ್ಲೇ ಕುಪ್ಪಸ ಹೊಲಿಯುತ್ತಾಳೆ. ಓಣಿಯ ಹೆಂಗಸರೆಲ್ಲ ಅವಳ ಗಿರಾಕಿಗಳು. ಹುಟ್ಟಿ ಬೆಳೆದದ್ದು ಹೊಳೆದಂಡೆಯ ಹಮ್ಮಿಗಿಯಲ್ಲಿ. ಅಲ್ಲಿ ಅಣ್ಣಂದಿರ ಸೈಕಲ್ಲನ್ನು ಒರೆಸುವ ಕೆಲಸ ಅವಳದಾಗಿತ್ತಂತೆ, ಹತ್ತುವುದು ಮಾತ್ರ ಅವರದು. ಈ ವಿಷಯವನ್ನು ಅವಳು ಸಂಸಾರದ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಅಂದು ಹೇಳಿದಳು. ಹೇಳಿ, ಸೀಟಿನ ಮೇಲೆ ಕೈಯಿಟ್ಟು, “ಇದನ್ನ ಯಾರಿಗೂ ಕೊಡಬ್ಯಾಡ್ರಿ. ನಾ ಕಲೀತೀನಿ” ಅಂದಳು.

ಅವಳಿಗಾಗಲೇ ಮೊಮ್ಮಕ್ಕಳು. ನಾನು ನಗಲಿಲ್ಲ. ನಕ್ಕಿದ್ದರೆ ಕಲಿಯುವುದನ್ನು ಬಿಡುತ್ತಿರಲಿಲ್ಲ, ನನ್ನನ್ನು ಬಿಟ್ಟು ಬೇರೆ ಯಾರಿಂದಾದರೂ ಕಲಿಯುತ್ತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಊರ ಹೊರಗಿನ ಬಯಲಿಗೆ ಹೋಗುತ್ತಿದ್ದೆವು. ನಾನು ಸೀಟು ಹಿಡಿದು ಹಿಂದೆ ಓಡುತ್ತಿದ್ದೆ. ಅವಳು ಸೆರಗು ಬಿಗಿದು, ಹಲ್ಲು ಕಚ್ಚಿ ಪೆಡಲು ತುಳಿಯುತ್ತಿದ್ದಳು. ಕೆಲವೇ ದಿನಗಳಲ್ಲಿ ನಾನು ಕೈಬಿಟ್ಟದ್ದು ಗೊತ್ತಾಗದೆ ಬಯಲಿನ ಆ ತುದಿಯವರೆಗೆ ಹೋಗಿಬಿಟ್ಟಳು. ತಿರುಗಿಸಲು ಬಾರದೆ ಅಲ್ಲೇ ಇಳಿದು, ತಳ್ಳಿಕೊಂಡು ಬಂದಳು. ಮುಖ ಕೆಂಪಾಗಿತ್ತು.

ಇಷ್ಟರಲ್ಲಿ ಮುಂಡರಗಿಯಲ್ಲಿ ಹಳೆಯ ಕಾಲದ ಚೈನ್‌ಕವರ್ ಒಂದಿದೆಯೆಂದು ತಿಳಿದು ಬೆಳಗಿನ ಬಸ್ಸಿಗೆ ಹೋದೆ. ತಿರುಗಿ ಬಂದಾಗ ಮಧ್ಯಾಹ್ನ ದಾಟಿತ್ತು. ಮನೆಗೆ ಕೀಲಿ ಹಾಕಿತ್ತು. ಹೊರಗಿನಿಂದಲೇ ಹೋಗುವ ಹಿಂದಿನ ಕೋಣೆಯ ಬಾಗಿಲು ಮಾತ್ರ ತೆರೆದೇ ಇತ್ತು. ಒಳಗೆ ಗೋಡೆಗೆ ಒರಗಿಸಿದ್ದ ಹಸಿರು ಸೈಕಲ್ಲಿನ ಮುಂದಿನ ಗಾಲಿ ಹಿಂದಕ್ಕೆ ಸರಿದು ಫ್ರೇಮಿನ ಕೊಳವೆಗೆ ತಾಗಿತ್ತು. ಪಕ್ಕದಲ್ಲಿ ಅವಳ ಒಂದೇ ಚಪ್ಪಲಿ.

ಅವಳಿಗೆ ಫೋನು ಹಚ್ಚಿದೆ. ಅದು ಕೀಲಿ ಹಾಕಿದ ಮನೆಯೊಳಗೇ ರಿಂಗಾಯಿತು.

ಎದುರು ಮನೆಯವರು ಬಾಗಿಲಿಗೆ ಬಂದು, ಏನೋ ಬಿದ್ದ ಸದ್ದು ಕೇಳಿಸಿತು, ಆಮೇಲೆ ಆಟೊ ಬಂತು, ದವಾಖಾನೆಗೆ ಹೋದರು ಅಂದರು. ಯಾರಿಗೆ ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ರಕ್ತ ಬಂದಿತ್ತೇ ಎಂದು ಕೇಳಿದೆ. ಸ್ವಲ್ಪ ಅಂದರು. ಆ ‘ಸ್ವಲ್ಪ’ವನ್ನು ಹಿಡಿದುಕೊಂಡು ಆಟೊದಲ್ಲಿ ಕುಳಿತೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಬಾಗಿದ ಫೋರ್ಕೇ. ಅಷ್ಟು ಗಟ್ಟಿ ಉಕ್ಕು ಬಾಗಿದ್ದರೆ ಮನುಷ್ಯರ ಮೂಳೆ ಏನಾಗಿರಬೇಕು ಎಂಬ ಲೆಕ್ಕವನ್ನು ಎಷ್ಟು ಬೇಡವೆಂದರೂ ತಲೆ ಹಾಕುತ್ತಲೇ ಇತ್ತು.

ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಅವಳು ಕುಳಿತಿದ್ದಳು. ನೆಟ್ಟಗೆ ಕುಳಿತಿದ್ದಳು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಪಕ್ಕದಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು, ಅವರ ಕಾಲ ಬಳಿ ನೂಲಿನ ದೊಡ್ಡ ಗಂಟು. ನನ್ನನ್ನು ನೋಡಿದ್ದೇ ತಡ, ಅವರೇ ಮಾತು ತೆಗೆದರು.

“ನೀವು ಇವರ ಯಜಮಾನ್ರೇನ್ರಿ? ನನಗೇನೂ ಆಗಿಲ್ಲಂತ ಹೇಳ್ರಿ ಒಂದೀಟು. ಮನಿಗೆ ಬಿಡವಲ್ಲರು.”

ಆಗಿದ್ದು ಇಷ್ಟು. ನಾನಿಲ್ಲದಾಗ ಒಬ್ಬಳೇ ಒಂದು ಸುತ್ತು ಹೋಗಿ ಬರೋಣ ಎಂದು ಅವಳು ಸೈಕಲ್ಲು ತೆಗೆದಿದ್ದಾಳೆ. ಓಣಿಯ ತಿರುವಿನಲ್ಲಿ ನೂಲಿನ ಗಂಟು ಹೊತ್ತ ಈ ನೇಕಾರರು ಎದುರಾದರು. ಅವರನ್ನು ತಪ್ಪಿಸಲು ಹೋಗಿ ಅವಳು ಕಟ್ಟೆಗೆ ಗುದ್ದಿದಳು. ಅವರು ಗಾಬರಿಯಾಗಿ ತಮ್ಮದೇ ಗಂಟಿನ ಮೇಲೆ ಬಿದ್ದರು. ನೂಲಿನ ಮೇಲೆ ಬಿದ್ದವರಿಗೆ ಏನಾಗುತ್ತದೆ? ಅಂಗೈ ಒಂದಿಷ್ಟು ತರಚಿತ್ತು. ಆದರೂ ಇವಳು ಕೇಳದೆ, ಸೈಕಲ್ಲನ್ನು ಮನೆಗೆ ಎಳೆದು ಹಾಕಿ, ಅವರನ್ನೂ ಅವರ ಗಂಟನ್ನೂ ಆಟೊದಲ್ಲಿ ಹಾಕಿಕೊಂಡು ಬಂದಿದ್ದಳು. ಕೈಯ ಎಕ್ಸ್‌ರೇ ತೆಗೆಸಿ, ಡಾಕ್ಟರರು ನೋಡಿ ಹೇಳುವುದನ್ನು ಕಾಯುತ್ತಿದ್ದಳು.

“ನಿನಗ?” ಎಂದು ಕೇಳಿದೆ.

“ನನಗೇನಾಗೈತಿ” ಅಂದಳು.

ಸೀರೆಯ ಮೊಣಕಾಲ ಬಳಿ ರಕ್ತ ಒಣಗಿ ಅಂಟಿಕೊಂಡಿತ್ತು. ತೋರಿಸಿದೆ. ಅವಳು ಬಗ್ಗಿ ನೋಡಿ, ಆಗ ಮೊದಲ ಸಲ ನೋವಾದವಳಂತೆ ಉಸಿರೆಳೆದುಕೊಂಡಳು. ಡಾಕ್ಟರರು ಹೊರಗೆ ಬಂದು ಹಿರಿಯರ ಕೈಗೆ ಏನೂ ಆಗಿಲ್ಲ ಎಂದರು. ಇವಳ ಮೊಣಕಾಲಿಗೆ ಪಟ್ಟಿ ಕಟ್ಟಿ, ಹೊಲಿಗೆ ಬೇಕಿಲ್ಲ ಎಂದರು. ನಾನು ಅದೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಮುಂಡರಗಿಯ ಚೈನ್‌ಕವರ್ ಇನ್ನೂ ನನ್ನ ಕಂಕುಳಲ್ಲೇ ಇದೆಯೆಂದು ತಿಳಿದದ್ದು ಆಗ. ಹಿರಿಯರು ಅದನ್ನು ನೋಡಿ, ಸೈಕಲ್ಲು ಸರಿಹೋಗುತ್ತದೆಯೇ ಎಂದು ಕೇಳಿದರು. ನೋಡಬೇಕು ಎಂದೆ.

“ಇನ್ನ ನೋಡೂದೇನಿಲ್ಲ,” ನನ್ನ ಹೆಂಡತಿ ಅಂದಳು. “ನಾ ಮತ್ತ ಅದನ್ನ ಹತ್ತಂಗಿಲ್ಲ.”

ಹಿರಿಯರನ್ನು ಅವರ ಮನೆಗೆ ಮುಟ್ಟಿಸಿ ಬಂದೆವು. ಆಮೇಲೆ ಅವಳು ಹಿಂದಿನ ಕೋಣೆಯ ಕಡೆ ಸುಳಿಯಲಿಲ್ಲ. ಹೊಲಿಗೆ ಯಂತ್ರದ ಸದ್ದು ಮಾತ್ರ ಕೇಳಿಸುತ್ತಿತ್ತು. ನಾನೂ ಒತ್ತಾಯ ಮಾಡಲಿಲ್ಲ. ಆದರೆ ಅಷ್ಟು ವರ್ಷ ನೇರವಾಗಿದ್ದ ಆ ಫೋರ್ಕನ್ನು ಹಾಗೇ ಬಿಡಲು ಮನಸ್ಸಾಗದೆ ಗಾಲಿ ಬಿಚ್ಚಿದೆ, ಹ್ಯಾಂಡಲು ಕಳಚಿದೆ, ಫೋರ್ಕನ್ನು ಫ್ರೇಮಿನಿಂದ ಕೆಳಗೆ ಎಳೆದೆ. ಬೇರಿಂಗಿನ ಸಣ್ಣ ಗುಂಡುಗಳು ತಟ್ಟೆಯೊಳಗೆ ಉದುರಿದವು. ಹ್ಯಾಂಡಲು ಕೂರುವ ಮೇಲಿನ ಕೊಳವೆಯ ಪಕ್ಕ ನೇರ ಸರಳೊಂದನ್ನು ಹಿಡಿದು ನೋಡಿದೆ; ಅದು ಬಾಗಿರಲಿಲ್ಲ. ಅರ್ಧ ಜೀವ ಬಂತು. ಕಾಲುಗಳು ಮಾತ್ರ ಹಿಂದಕ್ಕೆ ಹೋಗಿದ್ದವು, ಎಡಗಡೆಯದು ಹೆಚ್ಚು.

ಕೆಲವರು ಇದನ್ನು ಬೆಂಕಿಯಲ್ಲಿ ಕಾಯಿಸುತ್ತಾರೆ. ಕಾಯಿಸಿದರೆ ಜಲ್ದಿ ಬಾಗುತ್ತದೆ, ಆದರೆ ಬೆಸುಗೆಯ ಬಲ ಹೋಗುತ್ತದೆ. ನಾನು ತಣ್ಣಗೇ ಬಾಗಿಸುತ್ತೇನೆ. ಮರದ ತುಂಡುಗಳ ನಡುವೆ ಫೋರ್ಕನ್ನು ವೈಸಿಗೆ ಕಚ್ಚಿಸಿ, ಕಾಲಿಗೆ ಉದ್ದನೆಯ ನೀರಿನ ಪೈಪು ತೊಡಿಸಿ, ಮೈಭಾರ ಹಾಕಿ ಎಳೆಯಬೇಕು. ಬಿಟ್ಟರೆ ಉಕ್ಕು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ಲೆಕ್ಕಕ್ಕೆ ಹಿಡಿದು ಮತ್ತೆ ಎಳೆಯಬೇಕು. ಆತುರ ಮಾಡಿ ಹೆಚ್ಚು ಎಳೆದು, ಮತ್ತೆ ಹಿಂದಕ್ಕೆ ತಳ್ಳಿದರೆ ಉಕ್ಕು ದಣಿದು ಒಳಗೊಳಗೇ ಸೀಳುತ್ತದೆ. ಎಳೆಯುವುದು, ಕಾಲು ನೇರಕ್ಕೆ ಬಂತೇ ಎಂದು ಪಕ್ಕದಲ್ಲಿ ದಾರ ಹಿಡಿದು ನೋಡುವುದು, ಮತ್ತೆ ಎಳೆಯುವುದು. ಹೀಗೆ ಬೆಳಗೆಲ್ಲ ಕಳೆಯಿತು.

ಊಟಕ್ಕೆ ಕರೆಯಲು ಬಂದವಳು ಹೊಸ್ತಿಲಲ್ಲೇ ನಿಂತಳು. ಸ್ವಲ್ಪ ಹೊತ್ತು ನೋಡಿ, “ಎಡಗಡಿದು ಇನ್ನೂ ಒಳಗ ಐತಿ” ಅಂದಳು.

ದಾರಕ್ಕೆ ಸರಿಯಾಗಿದೆ ಎಂದು ನಾನಂದೆ. ನೀವು ದಾರವನ್ನು ನಿಂತು ನೋಡುತ್ತಿದ್ದೀರಿ, ಕುಳಿತು ನೋಡಿ ಎಂದಳು. ಕುಳಿತು ನೋಡಿದೆ. ಕೂದಲೆಳೆಯಷ್ಟು ಒಳಗಿತ್ತು. ಅವಳು ಒಳಗೆ ಬಂದು ದಾರದ ತುದಿ ಹಿಡಿದಳು, ನಾನು ಎಳೆದೆ. ರೊಟ್ಟಿ ಆರಿಹೋಯಿತು.

ನೇರವಾಯಿತು. ಆದರೆ ನನಗೆ ನೇರವಾಗುವುದಕ್ಕಿಂತ ದೊಡ್ಡ ಚಿಂತೆ ಬಿರುಕಿನದು. ಬಿರುಕು ಬಿಟ್ಟ ಫೋರ್ಕು ಹತ್ತಿದವರ ಹಲ್ಲು ಮುರಿಯದೆ ಬಿಡುವುದಿಲ್ಲ. ಮುದ್ರಣಾಲಯದಲ್ಲಿ ಯಂತ್ರದ ಭಾಗಗಳಿಗೆ ಮಾಡುತ್ತಿದ್ದಂತೆ ಫೋರ್ಕಿಗೆ ಸೀಮೆಎಣ್ಣೆ ಸವರಿ, ಒಂದಿಷ್ಟು ಹೊತ್ತು ಬಿಟ್ಟು, ಒರೆಸಿ, ಸುಣ್ಣದಕಡ್ಡಿಯ ಪುಡಿ ಉದುರಿಸಿದೆ. ಸೀಳಿದ್ದರೆ ಒಳಗೆ ಇಳಿದ ಎಣ್ಣೆ ಪುಡಿಯ ಮೇಲೆ ಒದ್ದೆ ಗೆರೆಯಾಗಿ ಏಳುತ್ತದೆ. ಕಾದೆವು. ಫೋರ್ಕಿನ ಎಡಗಾಲಿನ ಮೇಲ್ಭಾಗದಲ್ಲಿ ಕಪ್ಪನೆಯ ಒಂದು ಗೆರೆ ನಿಧಾನವಾಗಿ ಎದ್ದು ಬಂತು.

ನಾನು ಪೈಪನ್ನು ಗೋಡೆಗೆ ಒರಗಿಸಿದೆ. ಇಂಥ ಫೋರ್ಕು ಇನ್ನೆಲ್ಲೂ ಸಿಗುವುದಿಲ್ಲ. ಇವಳೋ ಹೇಗೂ ಹತ್ತುವುದಿಲ್ಲ ಅಂದಿದ್ದಾಳಲ್ಲ, ಇದನ್ನು ಇಲ್ಲಿಗೇ ಬಿಡೋಣ ಅಂದುಕೊಂಡು ಅವಳ ಮುಖ ನೋಡಿದೆ. ಅವಳ ಕಣ್ಣು ಆ ಗೆರೆಯ ಮೇಲೇ ಇತ್ತು.

“ಬಣ್ಣ ಸೀಳಿದ್ದಿರಬೇಕ್ರಿ,” ಅಂದಳು. “ಕೆರೆದರ ನೋಡ್ರಿ.”

ಅವಳ ದನಿಯಲ್ಲಿ ಆಸೆ ಇತ್ತು. ನಾನು ಮರಳುಕಾಗದ ತೆಗೆದುಕೊಂಡೆ. ಹಳೆಯ ಹಸಿರು ಬಣ್ಣದ ಕೆಳಗೆ ಇನ್ನೊಂದು ಬಣ್ಣ, ಅದರ ಕೆಳಗೆ ಹೊಳೆಯುವ ಉಕ್ಕು. ಮತ್ತೆ ಸೀಮೆಎಣ್ಣೆ, ಮತ್ತೆ ಪುಡಿ. ಈ ಸಲ ಇಬ್ಬರೂ ಬಗ್ಗಿ ನೋಡಿದೆವು. ಪುಡಿ ಹಿಟ್ಟಿನಂತೆ ಬೆಳ್ಳಗೇ ಉಳಿಯಿತು. ಸೀಳಿದ್ದು ಬಣ್ಣವೇ, ಉಕ್ಕಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನಡೀರಿ ಉಣ್ಣೋಣ ಅಂದಳು. ಅಂದು ಆರಿದ ರೊಟ್ಟಿಯನ್ನೇ ನಾನು ಬಹಳ ತಿಂದೆ.

ಫೋರ್ಕು ಕೂಡಿಸಿ, ಗಾಲಿ ಹಾಕಿ, ಮರುದಿನ ಬಯಲಿಗೆ ಹೊರಟಾಗ ಅವಳೂ ಜೊತೆಗೆ ಬಂದಳು. ಮೊದಲು ನಾನೇ ಓಡಿಸಿದೆ. ಹ್ಯಾಂಡಲನ್ನು ಸಡಿಲ ಬಿಟ್ಟರೂ ಆಚೆ ಈಚೆ ಎಳೆಯಲಿಲ್ಲ. ಇಳಿದು ಅವಳ ಕಡೆ ತಿರುಗಿಸಿ ಹಿಡಿದೆ. ಪಟ್ಟಿ ಕಟ್ಟಿದ ಮೊಣಕಾಲನ್ನು ಒಮ್ಮೆ ಮಡಿಸಿ ಚಾಚಿ ನೋಡಿಕೊಂಡಳು. ಹತ್ತಿದಳು. ನಾನು ಸೀಟು ಹಿಡಿಯಲು ಹೋದರೆ, ಬೇಡ ಎಂದಳು. ಆ ದಿನ ಅವಳು ಮಾಡಿದ್ದು ತಿರುಗಿಸುವುದನ್ನು ಕಲಿಯುವುದೊಂದೇ. ಬಿಸಿಲೇರುವವರೆಗೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಲೇ ಇದ್ದಳು.

ಸ್ವಲ್ಪ ದಿನ ಬಿಟ್ಟು ಒಂದು ಬೆಳಿಗ್ಗೆ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು, ಆ ನೇಕಾರ ಹಿರಿಯರನ್ನು ಮಾತಾಡಿಸಿ ಬರುತ್ತೇನೆಂದು ಒಬ್ಬಳೇ ಹೊರಟಳು. ನಾನು ತಡೆಯಲಿಲ್ಲ. ವೈಸಿನ ಮುಂದೆ ಕುಳಿತು, ಬಿಗಿದಿದ್ದ ನಟ್ಟನ್ನು ಬಿಚ್ಚುತ್ತಾ, ಬಿಚ್ಚಿದ್ದನ್ನು ಬಿಗಿಯುತ್ತಾ ಹೊತ್ತು ಕಳೆದೆ. ಹೋಗಿ ಬರುವ ಹೊತ್ತು ಮೀರಿತು. ಎದ್ದು ಓಣಿಯ ತಿರುವಿನವರೆಗೆ ಹೋದೆ, ತಿರುಗಿ ಬಂದೆ. ಮತ್ತೆ ಹೋಗೋಣವೆಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳು ಬಂದಳು. ಇಳಿದು ಸ್ಟ್ಯಾಂಡು ಹಾಕಿದಳು. ಅವರು ಮಗ್ಗದಿಂದ ಎದ್ದು ಬಂದು ಚಹಾ ಮಾಡಿಸಿದರಂತೆ, ಕುಡಿಯದೆ ಬಿಡಲಿಲ್ಲವಂತೆ, ಕೈ ಚೆನ್ನಾಗಿದೆಯಂತೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಖಾಲಿ ಡಬ್ಬಿ ತೆಗೆದುಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು.

“ಸೀಟ ಒಂದೀಟು ಮ್ಯಾಲೆ ಮಾಡ್ರಿ,” ಅಂದಳು. “ತುಳಿಯಾಕ ಬರೂದಿಲ್ಲ, ಮೊಣಕಾಲು ಬಾಳ ಮಡಚತಾವ.”

ಸೀಟಿನ ನಟ್ಟು ಸಡಿಲಿಸಲು ನಾನು ಪಾನಾ ಹುಡುಕಿದೆ.