ಹತ್ತನೆಯವನಿಗಾಗಿ ಕಾದ ಸಂಜೆ

ಅದು 2016. ದುಬೈಯ ನಮ್ಮ ಆಫೀಸಿನಲ್ಲಿ ಯೋಸೆಫ್ ಎಂಬ ಯಹೂದಿ ಸಹೋದ್ಯೋಗಿ ಇದ್ದ. ಒಂದು ಸಂಜೆ ಅವನ ಕಾರು ಕೆಟ್ಟಿತ್ತು. "ಇವತ್ತು ಅಪ್ಪ ತೀರಿಕೊಂಡ ದಿನ. ಪ್ರಾರ್ಥನೆಗೆ ಹೋಗಬೇಕು, ಬಿಡ್ತೀಯಾ?" ಎಂದ. ದುಬೈಯಲ್ಲಿ ಯಹೂದಿಗಳ ಪ್ರಾರ್ಥನೆಯೇ! ಬರೀ ಬಿಟ್ಟು ಬರುವುದೇಕೆ, ನೋಡಿಯೇ ಬರೋಣವೆಂದು ಕೇಳಿಕೊಂಡು ನಾನೂ ಒಳಗೆ ಹೋದೆ. ಎಲ್ಲದಕ್ಕೂ ಮೂಗು ತೂರಿಸುವುದು ನನ್ನ ಹುಟ್ಟುಗುಣ.

ಆಗ ದುಬೈಯಲ್ಲಿ ಯಹೂದಿಗಳಿಗೆ ಬಹಿರಂಗವಾದ ಪ್ರಾರ್ಥನಾ ಮಂದಿರ ಇರಲಿಲ್ಲ; ಇದು ಬೋರ್ಡಿಲ್ಲದ ವಿಲ್ಲಾ. ಹಾಲ್‌ನಲ್ಲಿ ಕೆಲವು ಗಂಡಸರು ಪುಸ್ತಕ ಹಿಡಿದು ಕಾಯುತ್ತ ಕೂತಿದ್ದರು. ಅಪ್ಪನಿಗಾಗಿ ಮಗ ಹೇಳುವ ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಇರಲೇಬೇಕಂತೆ. ಸೂರ್ಯ ಮುಳುಗಿದರೆ ಆ ದಿನ ಮುಗಿಯಿತು, ಇನ್ನು ಮುಂದಿನ ವರ್ಷವೇ. ಯೋಸೆಫ್ ಮತ್ತೆ ಮತ್ತೆ ಕಿಟಕಿ ನೋಡುತ್ತಿದ್ದ.

ನಾನು ಬೆರಳು ತೋರಿಸಿ "ಒಂದು, ಎರಡು" ಎಂದು ಶುರುಮಾಡಿದೆ. ಯೋಸೆಫ್ ಥಟ್ಟನೆ ಕೈ ಹಿಡಿದ. "ನಾವು ಜನರನ್ನು ಎಣಿಸುವುದಿಲ್ಲ." ನನ್ನ ಅಜ್ಜಿ ನೆನಪಾದರು. ಊಟಕ್ಕೆ ಕೂತ ಮಕ್ಕಳನ್ನು ಎಣಿಸಿದರೆ ದೃಷ್ಟಿ ತಾಗುತ್ತದೆಂದು ಅವರೂ ಬೈಯುತ್ತಿದ್ದರು. ಮತ್ತೆ ಲೆಕ್ಕ ಹೇಗೆ? ಅಲ್ಲಿದ್ದ ಒಬ್ಬ ಅಜ್ಜ ಹತ್ತು ಪದಗಳ ಒಂದು ಪ್ರಾರ್ಥನೆಯ ಸಾಲನ್ನು, ಒಬ್ಬೊಬ್ಬರನ್ನು ನೋಡುತ್ತ ಒಂದೊಂದು ಪದದಂತೆ ಹೇಳಿದರು. ಕೊನೆಯ ಪದಕ್ಕೆ ಜನವಿರಲಿಲ್ಲ.

"ನಾನಿದ್ದೇನಲ್ಲ?" ಎಂದೆ. ಎಲ್ಲರೂ ನಕ್ಕರು. "ಯಹೂದಿಯೇ ಆಗಬೇಕು ಮಗ. ನಿನಗೆ ಬೇರೆ ಕೆಲಸ ಇದೆ," ಎಂದರು ಅಜ್ಜ. ಅಬುಧಾಬಿಯಿಂದ ಹೊರಟ ಹತ್ತನೆಯವನು ವಿಲ್ಲಾ ಸಿಗದೆ ಅಲ್ಲೇ ಸುತ್ತುತ್ತಿದ್ದನಂತೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುವುದು ಇದಕ್ಕೇ ಎಂದುಕೊಂಡು ರಸ್ತೆಗೆ ಓಡಿದೆ.

ಬಿಳಿ ಕಾರೊಂದು ನನ್ನ ಮುಂದೆಯೇ ಎರಡು ಸಲ ಹಾದುಹೋಯಿತು. ಮೂರನೆಯ ಸಲ ಅಡ್ಡ ನಿಂತೆ. ಬೆವರಿದ ಮುಖವೊಂದು ಕಿಟಕಿ ಇಳಿಸಿ "ಯೋಸೆಫ್?" ಎಂದಿತು. "ಹೌದು, ಯಲ್ಲಾ, ಯಲ್ಲಾ, ಬೇಗ ಬಾ!" ಎಂದು ಅವನನ್ನು ಓಡಿಸಿಕೊಂಡೇ ಒಳಗೆ ತಂದೆ.

ಅಜ್ಜ ಕೊನೆಯ ಪದ ಹೇಳಿದರು. ಹೊರಗೆ ಬೆಳಕು ಇನ್ನೂ ಇತ್ತು. ಯೋಸೆಫ್ ಅಪ್ಪನ ಪ್ರಾರ್ಥನೆ ಹೇಳಿದ. ಅವನು ಹೇಳುತ್ತ ನಿಲ್ಲಿಸಿದಲ್ಲೆಲ್ಲ ಉಳಿದವರು "ಆಮೆನ್" ಎಂದರು. ಅವರಲ್ಲಿ ಒಬ್ಬರೂ ಅವನ ಅಪ್ಪನನ್ನು ಕಂಡವರಲ್ಲ. ನನಗೇ ಅಳು ಬಂತು.

"ಇದನ್ನು ಒಬ್ಬನೇ ಹೇಳುವ ಹಾಗಿಲ್ಲ. ಉತ್ತರ ಕೊಡುವವರು ಬೇಕು," ಎಂದ ಯೋಸೆಫ್, ವಾಪಸು ಬರುವಾಗ. ನಾನಾದರೋ ನನ್ನ ಅಪ್ಪನ ತಿಥಿಯಂದು ಅಲ್ ನಹ್ದಾ ಬಡಾವಣೆಯ ನಮ್ಮ ಫ್ಲಾಟಿನಲ್ಲಿ, ಯಾರಿಗೂ ಹೇಳದೆ, ದೀಪ ಹಚ್ಚಿ ಆಫೀಸಿಗೆ ಓಡುತ್ತಿದ್ದವನು. ನನ್ನ ದುಃಖ ಬೇರೆಯವರಿಗೆ ಯಾಕೆ ಅಂತ.

ಮರುವರ್ಷ ನನ್ನ ಅಪ್ಪನ ತಿಥಿಯಂದು ನೆರೆಹೊರೆಯವರನ್ನೆಲ್ಲ ಊಟಕ್ಕೆ ಕರೆದೆ. ಯೋಸೆಫನೂ ಬಂದ, ಅವರ ಆಹಾರದ ನಿಯಮದಂತೆ ಬರೀ ಹಣ್ಣು ತಿಂದ. ಒಳಗಿನಿಂದ ಹೆಂಡತಿ, "ಎಷ್ಟು ಎಲೆ ಹಾಕ್ಲಿ ಮಾರಾಯ್ರೆ?" ಎಂದಳು. ಎಣಿಸಲು ಎತ್ತಿದ ಬೆರಳನ್ನು ಮಡಚಿಕೊಂಡೆ.

"ಇದ್ದಷ್ಟೂ ಹಾಕು," ಎಂದೆ.