ಹೆಸರಿನ ನಡುವಿನ ಖಾಲಿ ಜಾಗ

ಗುಳೇದಗುಡ್ಡದಲ್ಲಿ ನೇಕಾರರು ಸೇರಿ ಕಟ್ಟಿಕೊಂಡಿದ್ದ ಒಂದು ಸಣ್ಣ ಸಂಘದಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ದಿನಾ ಬಾಗಲಕೋಟೆಯಿಂದ ಬಸ್ಸಿಗೆ ಹೋಗಿ ಬರುತ್ತಿದ್ದೆ. ಹಳೆಯ ಖಣಗಳ, ಅಂದರೆ ರವಿಕೆ ಬಟ್ಟೆಗಳ, ಚಿತ್ತಾರವನ್ನು ಚೌಕ ಚೌಕವಾಗಿ ಕಂಪ್ಯೂಟರಿನಲ್ಲಿ ತುಂಬಿ ಉಳಿಸುವುದು ನನ್ನ ಪಾಲಿನ ಕೆಲಸ.

ಹೇಳಿಕೊಡುತ್ತಿದ್ದವರು ಒಬ್ಬ ಅಜ್ಜ. ಕಣ್ಣು ಮಂಜಾಗಿ ಮಗ್ಗ ಬಿಟ್ಟಿದ್ದರು. ಚಿತ್ತಾರಗಳೆಲ್ಲ ಬೆರಳಿನಲ್ಲೇ ಇದ್ದವು. ಮೇಜಿನ ಮೇಲೆ ಬೆರಳಾಡಿಸುತ್ತ, "ಎರಡು ಎಳೆ ಎತ್ತು, ಮೂರು ಬಿಡು, ಮತ್ತೊಂದು ಎತ್ತವ್ವಾ" ಎನ್ನುತ್ತಿದ್ದರು. ಆನೆ ಹೆಜ್ಜೆ, ತುಳಸಿ ದಳ, ಅವರ ತಾಯಿ ಮಾತ್ರ ನೇಯುತ್ತಿದ್ದ ಹೆಸರಿಲ್ಲದ ಒಂದು ಬಳ್ಳಿ. ಒಂದೂವರೆ ವರ್ಷ ಹೀಗೆ ಕೂತಿದ್ದೆವು.

ಆ ಯಂತ್ರದಲ್ಲಿ ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸಬೇಕಿತ್ತು. ಅಜ್ಜನ ಚಿತ್ತಾರಗಳು ‘ಖಣ’ ಎಂಬ ಫೋಲ್ಡರಿನಲ್ಲಿದ್ದವು. ಕೈ ಪಳಗಲೆಂದು ಮೊದಮೊದಲು ಬಿಡಿಸಿದ ಅರೆಬರೆ ಚಿತ್ರಗಳು ‘ಖಣ ಹಳೇದು’ ಎಂಬುದರಲ್ಲಿದ್ದವು. ಜಾಗ ಸಾಲದಾದಾಗ ಒಂದು ಮಧ್ಯಾಹ್ನ ಹಳೆಯದನ್ನು ಅಳಿಸಲು ಹೊರಟೆ. ಹೆಸರಿನಲ್ಲಿ ಎರಡು ಪದಗಳಿದ್ದು ನಡುವೆ ಖಾಲಿ ಜಾಗವಿದ್ದರೆ ಸುತ್ತ ಉದ್ಧರಣ ಚಿಹ್ನೆ ಹಾಕಬೇಕು. ನಾನು ಹಾಕಲಿಲ್ಲ. ಯಂತ್ರ ಅದನ್ನು ಎರಡು ಹೆಸರೆಂದು ತಿಳಿಯಿತು. ‘ಖಣ’ವನ್ನು ಅಳಿಸಿ, ‘ಹಳೇದು’ ಎಂಬುದು ಸಿಗಲಿಲ್ಲ ಎಂದಿತು. ಹಾಗೆ ಅಳಿಸಿದ್ದು ಮರಳಿ ಸಿಗುತ್ತಿರಲಿಲ್ಲ. ಉಳಿದದ್ದು ನಾನು ಬಿಸಾಡಬೇಕೆಂದಿದ್ದ ಕಸ. ಇನ್ನೊಂದು ಪ್ರತಿ ತೆಗೆದಿಡಬೇಕು ಎಂದುಕೊಳ್ಳುತ್ತಲೇ ಇದ್ದೆನೇ ಹೊರತು ತೆಗೆದಿರಲಿಲ್ಲ.

ಮರುದಿನ ಅಜ್ಜನಿಗೆ ಹೇಳಿದೆ.

"ಎಲ್ಲಾ ಹೋತೇನವ್ವಾ?"

"ಎಲ್ಲಾ ಹೋತ್ರಿ ಅಜ್ಜಾ. ನನ್ನ ತಪ್ಪು."

"ಅಳಬ್ಯಾಡ. ಮತ್ತ ಕುಂದರೂನು." ಆಮೇಲೆ ಕೇಳಿದರು, "ಅಳಿಸೂಕಿಂತ ಮೊದಲ ಅದು ನಿನ್ನ ಒಂದ್ ಮಾತ ಕೇಳೂದಿಲ್ಲೇನು? ನಾವು ಕತ್ತರಿ ಹಾಕೂ ಮುಂದ ಅರಿವಿ ಮ್ಯಾಲೆ ಒಮ್ಮೆ ಕೈಯಾಡಿಸಿ ನೋಡ್ತೇವಿ."

ಆ ವಾರವೇ ನಾನೊಂದು ಪುಟ್ಟ ಪ್ರೋಗ್ರಾಮ್ ಬರೆದೆ. ಅದು ಏನು ಮಾಡಬೇಕು, ಯಾವ ಫೋಲ್ಡರು ಎಂದು ಒಂದೊಂದಾಗಿ ಕೇಳುತ್ತಿತ್ತು. ಹೆಸರಿಗೆ ಬೇಕಾದ ಚಿಹ್ನೆಗಳನ್ನು ತಾನೇ ಹಾಕಿ ಆಜ್ಞೆ ಕಟ್ಟುತ್ತಿತ್ತು. ಏನೇನು ಅಳಿಯುತ್ತದೆಂದು ಪಟ್ಟಿ ತೋರಿಸಿ, ಹೌದು ಎಂದು ಪೂರ್ತಿ ಬರೆದರಷ್ಟೇ ಮುಂದುವರಿಯುತ್ತಿತ್ತು. ಇಳಕಲ್ಲಿನಲ್ಲಿ ಸೀರೆಯ ಅಂಚು ಬಿಡಿಸುವ ಗೆಳತಿಯೊಬ್ಬಳು ಅದನ್ನು ತನ್ನ ಯಂತ್ರಕ್ಕೂ ಹಾಕಿಸಿಕೊಂಡಳು. "ಭಾಳ ಛಲೋ ಆತು" ಎಂದಳು. ನನಗೆ ಖುಷಿಯಾಗಲಿಲ್ಲ.

ಅಜ್ಜ ಮತ್ತೆ ಬರತೊಡಗಿದರು. ಆನೆ ಹೆಜ್ಜೆ ಬಂತು. ತುಳಸಿ ದಳವೂ ಬಂತು. ಆದರೆ ಅಷ್ಟರಲ್ಲಿ ಅವರ ನೆನಪು ಸಡಿಲವಾಗುತ್ತಿತ್ತು. ತಾಯಿಯ ಬಳ್ಳಿಯ ಅರ್ಧಕ್ಕೆ ಬಂದಾಗ ಬೆರಳು ನಿಂತಿತು. "ಮೂರು ಬಿಡು..." ಎಂದರು. ಮತ್ತೆ ಮೊದಲಿನಿಂದ ಶುರು ಮಾಡಿ ಅಲ್ಲಿಗೇ ಬಂದು ನಿಂತರು. ನಾಲ್ಕು ದಿನ ಹಾಗೇ ಆಯಿತು. ಐದನೆಯ ದಿನ ಅವರು ಬರಲಿಲ್ಲ. ಹಾಸಿಗೆ ಹಿಡಿದು ಎರಡು ತಿಂಗಳಿಗೆ ತೀರಿಕೊಂಡರು.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಮಗಳು ಸಂಘಕ್ಕೆ ಬಂದಳು. ಆಕೆಯೂ ಮಗ್ಗದ ಮೇಲೆ ಕೂರುವವಳೇ.

"ಅಪ್ಪ ಹೇಳ್ತಿದ್ದ, ನಮ್ಮವ್ವನ ಬಳ್ಳಿ ಮಶೀನಿಗೆ ಕೊಟ್ಟೇನಿ, ಎಲ್ಲಾ ಐತಿ ಅಂತ. ಅದನ್ನ ತಗಿದು ಕೊಡ್ರಿ ಅಕ್ಕಾರ, ನಾ ನೇಯ್ತೇನಿ."

ಮನೆಯವರಿಗೆ ಅಜ್ಜ ನನ್ನ ತಪ್ಪನ್ನು ಹೇಳಿಯೇ ಇರಲಿಲ್ಲ. ಅರ್ಧ ಬಳ್ಳಿಯನ್ನು ಮುದ್ರಿಸಿ ಆಕೆಯ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಆಕೆ ಹಾಳೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ.

"ಅಪ್ಪ ಸಿಟ್ಟಾಗಿದ್ನೇನ್ರಿ ನಿಮ್ಮ ಮ್ಯಾಲೆ?"

"ಇಲ್ಲವ್ವಾ. ಒಂದ ದಿನಾನೂ ಇಲ್ಲ."

"ಹಂಗಾದ್ರ ನಾ ಏನ್ ಅನ್ಲಿ?" ಎಂದು ಹಾಳೆಯನ್ನು ಮಡಚದೆ, ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆಕೆ ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡು, "ಬರ್ತೇನ್ರಿ" ಎಂದು ಹೋದಳು.